ಕಿವಿನೋವಿಗೆ ಹೋದರೂ "ಮೊದಲು ತೂಕ ಇಳಿಸಿ": ಡಾಕ್ಟರು ಈ ಮಾತು ಹೇಗೆ ಎತ್ತಬೇಕು?

ನಿಧಾನ ನಡಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಇದ್ದವರು ಓದಿ.

ಹೋದ ವಾರ ಕಿವಿನೋವು ಅಂತ ಡಾಕ್ಟರ ಹತ್ತಿರ ಹೋಗಿದ್ದೆ. ಮೂರು ದಿನದಿಂದ ಎಡಗಿವಿ ಒಳಗೆ ಚುಚ್ಚುತ್ತಿತ್ತು. ಆ ಕಡೆ ಮಗ್ಗುಲಾಗಿ ಮಲಗೋಕೂ ಆಗುತ್ತಿರಲಿಲ್ಲ. ಒಳಗೆ ಹೋದರೆ ಕುರ್ಚಿಗೆ ಎರಡೂ ಕಡೆ ಕೈ ಇತ್ತು. ಓರೆಯಾಗಿ, ತುದಿಯಲ್ಲಿ ಕೂತೆ. "ಏನಮ್ಮಾ ತೊಂದರೆ?" ಅಂದರು. "ಕಿವಿ" ಅನ್ನುವಷ್ಟರಲ್ಲಿ ಅವರ ಕಣ್ಣು ನನ್ನ ಹೊಟ್ಟೆ ಕಡೆ ಹೋಗಿತ್ತು. "ತೂಕ ಎಷ್ಟಿದೆ? ಯಾವತ್ತಾದರೂ ನೋಡಿಕೊಂಡಿದ್ದೀರಾ? ಹೀಗೇ ಬಿಟ್ಟರೆ ಮುಂದೆ ಕಷ್ಟ ಆಗುತ್ತೆ. ಬಾಯಿ ಕಟ್ಟಬೇಕು, ನಡೀಬೇಕು." ಐದು ನಿಮಿಷ ಇದೇ ಆಯಿತು. ಬಾಗಿಲು ಅರ್ಧ ತೆರೆದಿತ್ತು, ಹೊರಗೆ ಕಾಯುತ್ತಿದ್ದವರಿಗೂ ಕೇಳಿಸುತ್ತಿತ್ತು. ಕಿವಿ ನೋಡಿದ್ದು ಕೊನೆಗೆ, ಅರ್ಧ ನಿಮಿಷ. ಬರೆದುಕೊಟ್ಟ ಹನಿ ಹಾಕಿದೆ, ನೋವು ಹೋಯಿತು.

ಅವರು ಹೇಳಿದ್ದು ಸುಳ್ಳೇನಲ್ಲ. ನನ್ನ ತೂಕ ಜಾಸ್ತಿ ಇದೆ. ಹದಿನೈದು ವರ್ಷದಿಂದ ಹೆಣಗುತ್ತಿದ್ದೇನೆ. ಎರಡು ಸಲ ಹನ್ನೆರಡು ಹನ್ನೆರಡು ಕೆಜಿ ಇಳಿಸಿದ್ದೆ, ಎರಡು ಸಲವೂ ವಾಪಸ್ ಬಂತು. ಅದನ್ನು ಅವರು ಕೇಳಲೇ ಇಲ್ಲ. ಇವತ್ತೇ ಮೊದಲ ಸಲ ನನಗೆ ಈ ವಿಷಯ ತಿಳಿಯುತ್ತಿದೆ ಅನ್ನೋ ಹಾಗೆ ಮಾತಾಡಿದರು.

ಇನ್ನೊಂದು ವಿಷಯ ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲ. ಮಾಡಿಸಬೇಕಾದ ರಕ್ತಪರೀಕ್ಷೆಯನ್ನು ಎರಡು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ. ಸೂಜಿಗೆ ಹೆದರಿ ಅಲ್ಲ. ರಿಪೋರ್ಟ್ ಹಿಡಿದುಕೊಂಡು ಆ ಕುರ್ಚಿಯಲ್ಲಿ ಮತ್ತೆ ಕೂರಬೇಕಲ್ಲ ಅಂತ.

ಡಾಕ್ಟರು ಈ ಮಾತನ್ನು ಹೇಗೆ ಶುರು ಮಾಡಿದರೆ ನಿಮಗೆ ಕೇಳಬೇಕು ಅನ್ನಿಸುತ್ತದೆ? ಯಾರಿಗಾದರೂ ಒಳ್ಳೆ ಅನುಭವ ಆಗಿದೆಯಾ? ಡಾಕ್ಟರು, ನರ್ಸ್‌ಗಳು ಇದ್ದರೆ ನೀವೂ ಹೇಳಿ.

ಬಾಗಿಲ ಪಕ್ಕ

ಓದಿ ಹೊಟ್ಟೆ ಕಿವುಚಿದ ಹಾಗಾಯಿತು. ನಾನು ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದೆ. "ಇಷ್ಟು ಭಾರ ಮೇಲೆ ಬಿದ್ದರೆ ಮುರಿಯದೆ ಇರುತ್ತಾ" ಅಂದರು. ಎಂಟು ವರ್ಷ ಆಯಿತು. ಯಾವ ಮೂಳೆ ಅಂತ ಮರೆತಿದೆ, ಆ ಮಾತು ಮರೆತಿಲ್ಲ.

ನೇರ ಮಾತು

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅಭಿಪ್ರಾಯ ಬೇರೆ.

ನಮ್ಮಪ್ಪ ಇಪ್ಪತ್ತು ವರ್ಷ ಒಬ್ಬರೇ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಇಬ್ಬರೂ ಸ್ನೇಹಿತರ ಹಾಗೆ ಇದ್ದರು. ಆ ಡಾಕ್ಟರು ಒಂದು ದಿನವೂ ಅಪ್ಪನ ತೂಕದ ಮಾತೆತ್ತಲಿಲ್ಲ. ಎಲ್ಲಿ ನೊಂದುಕೊಳ್ಳುತ್ತಾರೋ ಅಂತ ಇರಬೇಕು. ಬಿಪಿಗೆ ಮಾತ್ರೆ ಬರೆದರು. ಆಮೇಲೆ ಶುಗರ್‌ಗೆ ಬರೆದರು. ಆಮೇಲೆ ಮಂಡಿನೋವಿಗೆ ಬರೆದರು. ರಾತ್ರಿ ಅಪ್ಪ ಜೋರಾಗಿ ಗೊರಕೆ ಹೊಡೆಯುತ್ತಿದ್ದರು. ಮಧ್ಯದಲ್ಲಿ ಉಸಿರೇ ನಿಲ್ಲುತ್ತಿತ್ತು, ಆಮೇಲೆ ಒಮ್ಮೆಗೇ ಬಿಕ್ಕಿದ ಹಾಗೆ ಎಳೆದುಕೊಳ್ಳುತ್ತಿದ್ದರು. ನಾವು ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡೇ ಮಲಗುತ್ತಿದ್ದೆವು. ಅದು ಸ್ಲೀಪ್ ಅಪ್ನಿಯಾ ಇರಬಹುದು, ತೂಕಕ್ಕೂ ಅದಕ್ಕೂ ನಂಟಿದೆ, ಪರೀಕ್ಷೆ ಇದೆ, ಚಿಕಿತ್ಸೆ ಇದೆ ಅಂತ ಯಾರೂ ಹೇಳಲಿಲ್ಲ. 61ಕ್ಕೆ ಹೋಗಿಬಿಟ್ಟರು. ಹೃದಯ.

ಅದಕ್ಕೇ ಹೇಳುತ್ತೇನೆ, ಡಾಕ್ಟರು ಹೇಳದೆ ಇನ್ಯಾರು ಹೇಳಬೇಕು? ಒರಟಾಗಿ ಹೇಳಿದರೂ ಪರವಾಗಿಲ್ಲ, ಹೇಳಲಿ. ನಮ್ಮಪ್ಪನಿಗೆ ಯಾರಾದರೂ ಒರಟಾಗಿಯಾದರೂ ಹೇಳಬೇಕಿತ್ತು.

ಓಪಿಡಿ ಡಾಕ್ಟರ್

ನೇರ ಮಾತು ಅವರೇ, ನಿಮ್ಮ ತಂದೆಯವರ ವಿಷಯ ಓದಿ ತುಂಬಾ ಸಂಕಟವಾಯಿತು. ನಾನು ಹದಿನೆಂಟು ವರ್ಷದಿಂದ ಸಾಮಾನ್ಯ ರೋಗಿಗಳನ್ನು ನೋಡುತ್ತಿದ್ದೇನೆ. ಅವರ ಡಾಕ್ಟರು ಮಾಡಿದ್ದನ್ನೂ ಮಾಡಿದ್ದೇನೆ, ಕಿವಿ ನೋಡಿದ ಡಾಕ್ಟರು ಮಾಡಿದ್ದನ್ನೂ ಮಾಡಿದ್ದೇನೆ. ಕೆಲವರ ಹತ್ತಿರ ಬಾಯಿ ಮುಚ್ಚಿಕೊಂಡಿದ್ದೆ. ಕೆಲವರಿಗೆ ಬೈದೆ. ಬೈಸಿಕೊಂಡವರಲ್ಲಿ ಎಷ್ಟೋ ಜನ ಮತ್ತೆ ಬರಲೇ ಇಲ್ಲ. ಗುಣವಾಗಿರಬೇಕು ಅಂದುಕೊಂಡು ಸುಮ್ಮನಿದ್ದೆ.

ಹೇಳಬೇಕಾ ಬೇಡವಾ ಅನ್ನೋದರಲ್ಲಿ ನನಗೆ ಈಗ ಅನುಮಾನ ಇಲ್ಲ. ಹೇಳಬೇಕು. 11 ದೇಶಗಳಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೊಜ್ಜಿನ ತೊಂದರೆ ಇರುವ 14,500ಕ್ಕೂ ಹೆಚ್ಚು ಜನರನ್ನು ಕೇಳಿದ್ದರು. ಡಾಕ್ಟರೇ ಮಾತು ಶುರು ಮಾಡಲಿ ಅಂದವರು 68%. ಹಾಗೆ ಮಾತಾಡಿದ್ದಕ್ಕೆ ನೊಂದುಕೊಂಡೆ ಅಂದವರು ಬರೀ 3%. ಆದರೂ ತೂಕಕ್ಕಾಗಿ ಹೆಣಗೋಕೆ ಶುರು ಮಾಡಿದ ದಿನದಿಂದ ಡಾಕ್ಟರ ಜೊತೆ ಮೊದಲ ಮಾತು ಆಗುವವರೆಗೆ ಸರಾಸರಿ ಆರು ವರ್ಷ ಹೋಗಿತ್ತು. ಆ ಸಮೀಕ್ಷೆಗೆ ಹಣ ಕೊಟ್ಟಿದ್ದು ತೂಕದ ಔಷಧಿ ಮಾಡುವ ಕಂಪನಿ, ಅದೂ ನಿಮಗೆ ಗೊತ್ತಿರಲಿ. ಹಾಗಿದ್ದರೂ ಆ ಆರು ವರ್ಷ ನನ್ನ ರೋಗಿಗಳ ಕಥೆಗೆ ಸರಿಯಾಗಿ ಹೊಂದುತ್ತದೆ.

ಔಷಧಿ ಕಂಪನಿಯ ಹಣವಿಲ್ಲದ ಇನ್ನೊಂದು ಅಧ್ಯಯನ ಇಂಗ್ಲೆಂಡಿನಲ್ಲಿ ನಡೆಯಿತು, 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 137 ಡಾಕ್ಟರು, 1,882 ರೋಗಿಗಳು. ಎಲ್ಲರೂ ಬೇರೆ ಯಾವುದೋ ತೊಂದರೆಗೆ ಬಂದವರು. ಮೊದಲು ಆ ತೊಂದರೆ ನೋಡಿ ಮುಗಿಸಿದರು. ಆಮೇಲೆ ಕೊನೆಯಲ್ಲಿ ಮೂವತ್ತೇ ಸೆಕೆಂಡು. ಒಂದು ಗುಂಪಿಗೆ ತೂಕ ಇಳಿಸಿದರೆ ಒಳ್ಳೆಯದು ಅಂತ ಸಲಹೆ ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ "12 ವಾರದ ಉಚಿತ ತರಗತಿ ಇದೆ, ಈಗಲೇ ಹೆಸರು ಬರೆಸಿಕೊಡಲಾ?" ಅಂತ ಕೇಳಿದರು. ವರ್ಷದ ನಂತರ ಸಲಹೆ ಮಾತ್ರ ಸಿಕ್ಕವರು ಸರಾಸರಿ ಒಂದು ಕೆಜಿ ಇಳಿದಿದ್ದರು, ತರಗತಿಗೆ ಕರೆ ಸಿಕ್ಕವರು 2.4 ಕೆಜಿ. ಅಷ್ಟೇನಾ ಅನ್ನಿಸಬಹುದು. ಆದರೆ ಅರ್ಧ ನಿಮಿಷದ ಮಾತಿಗೆ ಇದು ಸಿಕ್ಕಿತು ಅನ್ನೋದು ನೋಡಿ. ಅಷ್ಟು ಜನರಲ್ಲಿ ಆ ಮಾತು ಅನುಚಿತ, ಉಪಯೋಗವೂ ಇಲ್ಲ ಅಂದವರು ನಾಲ್ಕೇ ಜನ.

ನನಗೆ ಇದರಲ್ಲಿ ಕಣ್ಣಿಗೆ ಬಿದ್ದಿದ್ದು ಕ್ರಮ. ಬಂದ ನೋವು ಮೊದಲು, ತೂಕ ಆಮೇಲೆ. ಅದೂ ಬರೀ ಬುದ್ಧಿಮಾತಲ್ಲ, ಕೈಗೆ ಸಿಗುವ ಸಹಾಯ.

ಈಗ ನಾನು ಹೀಗೆ ಕೇಳುತ್ತೇನೆ: "ನೀವು ಬಂದ ತೊಂದರೆ ನೋಡಿಯಾಯಿತು. ನಿಮ್ಮ ತೂಕದ ಬಗ್ಗೆ ಸ್ವಲ್ಪ ಮಾತಾಡಬಹುದಾ? ಇವತ್ತು ಬೇಡ ಅಂದ್ರೂ ಪರವಾಗಿಲ್ಲ." ಒಬ್ಬರು ಇಂಥದ್ದಕ್ಕೆ "ಬೇಡ" ಅಂದು ಎದ್ದು ಹೋದರು. ಏಳು ತಿಂಗಳಾದ ಮೇಲೆ ಬಂದು, ಕುರ್ಚಿ ಎಳೆದುಕೊಂಡು, "ಅವತ್ತು ಏನೋ ಕೇಳಿದ್ರಲ್ಲ ಡಾಕ್ಟ್ರೇ, ಈಗ ಮಾತಾಡೋಣ" ಅಂದರು.

ನಿಧಾನ ನಡಿಗೆ

ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. "ಇವತ್ತು ಬೇಡ ಅಂದ್ರೂ ಪರವಾಗಿಲ್ಲ" ಅನ್ನೋ ಮಾತು ಓದಿದಾಗಲೇ ಹೆಗಲು ಹಗುರಾಯಿತು.

ನೇರ ಮಾತು ಅವರೇ, ನಿಮ್ಮ ಅಪ್ಪನ ವಿಷಯ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಒರಟಾಗಿ ಹೇಳಿದ್ದರೆ ಅಪ್ಪ ಮತ್ತೆ ಅವರ ಹತ್ತಿರ ಹೋಗುತ್ತಿದ್ದರಾ, ಒಂದು ಸಲ ಯೋಚನೆ ಮಾಡಿ. ನಾನು ಎರಡು ವರ್ಷದಿಂದ ರಕ್ತಪರೀಕ್ಷೆಗೇ ಹೋಗಿಲ್ಲ.

ಹಳೇ ವಾರ್ಡ್ ಸಿಸ್ಟರ್

ಡಾಕ್ಟರ ಮಾತು ಶುರುವಾಗೋದಕ್ಕೂ ಮುಂಚೆ ಕೋಣೆ ಮಾತಾಡಿರುತ್ತದೆ. ಅದನ್ನು ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ.

ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಇದೆಯಲ್ಲ, ಅದನ್ನೇ ತೆಗೆದುಕೊಳ್ಳಿ. ದಪ್ಪ ತೋಳಿಗೆ ಮಾಮೂಲಿ ಪಟ್ಟಿ ಸುತ್ತಿದರೆ ವೆಲ್ಕ್ರೋ ಅಂಚಷ್ಟೇ ಅಂಟಿಕೊಳ್ಳುತ್ತದೆ. ಗಾಳಿ ತುಂಬುತ್ತಿದ್ದ ಹಾಗೆ ಪರ್ ಅಂತ ಬಿಚ್ಚಿಕೊಳ್ಳುತ್ತದೆ. ನಾನು ಮತ್ತೆ ಸುತ್ತಿ, ಮೇಲಿಂದ ಕೈಯಲ್ಲಿ ಒತ್ತಿ ಹಿಡಿದು ನೋಡುತ್ತಿದ್ದೆ. ರೋಗಿ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. "ಸಾರಿ ಸಿಸ್ಟರ್" ಅನ್ನುತ್ತಿದ್ದರು. ತಮ್ಮ ತೋಳಿಗೆ ಅವರು ಸಾರಿ ಕೇಳುತ್ತಿದ್ದರು!

ಅವಮಾನದ ಮಾತು ಒಂದು ಕಡೆ ಇರಲಿ, ಆ ರೀಡಿಂಗೇ ತಪ್ಪು. ಚಿಕ್ಕ ಪಟ್ಟಿ ಬಿಪಿಯನ್ನು ಜಾಸ್ತಿ ತೋರಿಸುತ್ತದೆ. 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ತುಂಬಾ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಹಾಕಿದಾಗ ಮೇಲಿನ ಅಂಕಿ ಸುಮಾರು 20 ಪಾಯಿಂಟ್ ಹೆಚ್ಚು ಬಂದಿತ್ತು. ಅಂದರೆ 125 ಇರುವವರು 145 ಆಗಿ ಕಾಣುತ್ತಾರೆ. ಆಮೇಲೆ "ನೋಡಿ, ತೂಕದಿಂದ ಬಿಪಿ ಬಂದಿದೆ" ಅಂತ ಬುದ್ಧಿ ಹೇಳಿ ಮಾತ್ರೆ ಬರೆಯುತ್ತಾರೆ. ದೊಡ್ಡ ಪಟ್ಟಿ ಕೇಳೋಕೆ ಯಾರೂ ನಾಚಿಕೊಳ್ಳಬೇಡಿ.

ತೂಕದ ಯಂತ್ರ ಓಡಾಡುವ ಜಾಗದಲ್ಲಿ ಇಡಬಾರದು. ಅಂಕಿಯನ್ನು ಕೂಗಿ ಹೇಳಬಾರದು, ಬರೆದುಕೊಂಡರೆ ಸಾಕು. ಅಂಕಿ ನೋಡೋಕೆ ಇಷ್ಟ ಇಲ್ಲದವರು ಯಂತ್ರಕ್ಕೆ ಬೆನ್ನು ಹಾಕಿ ನಿಲ್ಲಬಹುದು. ಕಿವಿನೋವಿಗೆ ಬಂದವರನ್ನು ತೂಗಲೇಬೇಕು ಅಂತೇನೂ ಇಲ್ಲ. ಕೈ ಇಲ್ಲದ ಕುರ್ಚಿ ಎರಡು ಇರಲಿ. ಸುಮ್ನೆ ಹೇಳುತ್ತಿಲ್ಲ, ನಮ್ಮ ವಾರ್ಡಿಗೆ ಅಂಥ ಕುರ್ಚಿ ತರಿಸಿದ ಮೇಲೆ ಜನ ನಿಂತೇ ಕಾಯೋದು ನಿಂತಿತು.

ಅನುವಾದಕಿ

ನಾನು ಆರೋಗ್ಯದ ಕರಪತ್ರಗಳನ್ನು ಕನ್ನಡಕ್ಕೆ ಮಾಡುವವಳು. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಕಷ್ಟ ಕೊಟ್ಟಿದ್ದು ಪದಗಳು.

'ಕೊಬ್ಬು' ತಗೊಳ್ಳಿ. ಮೈಯೊಳಗಿನ ಕೊಬ್ಬೂ ಅದೇ, ಸೊಕ್ಕು ಅನ್ನೋ ಅರ್ಥವೂ ಅದೇ. "ಅವನಿಗೆ ಕೊಬ್ಬು ಜಾಸ್ತಿ" ಅಂದರೆ ನಮಗೆ ಏನು ಕೇಳಿಸುತ್ತದೆ? ಹಾಗಿರುವಾಗ ಡಾಕ್ಟರು "ನಿಮಗೆ ಕೊಬ್ಬು ಜಾಸ್ತಿ ಆಗಿದೆ" ಅಂದರೆ ಅದು ಬೈಗುಳವಾಗಿಯೇ ಬಂದು ತಾಗುತ್ತದೆ, ಅವರ ಮನಸ್ಸಿನಲ್ಲಿ ಹಾಗಿಲ್ಲದಿದ್ದರೂ. 'ಬೊಜ್ಜು' ಅಂದರೆ ಜನರ ಬಾಯಲ್ಲಿ ಹೊಟ್ಟೆ, ಅದರ ಜೊತೆ ಸೋಮಾರಿತನದ ವಾಸನೆ ಬೇರೆ. 'ಸ್ಥೂಲಕಾಯ' ಬರವಣಿಗೆಗೆ ಸರಿ, ಎದುರಿಗೆ ಕೂತವರಿಗೆ ಹೇಳಿದರೆ ತೀರ್ಪು ಓದಿದ ಹಾಗೆ. 'ಧಡೂತಿ' ಬಾಯಿಗೇ ಬರಬಾರದು. 'ಮೈ ಬಂದಿದೆ', 'ಮೈಕೈ ತುಂಬಿಕೊಂಡಿದೆ' ಪ್ರೀತಿಯ ಮಾತು ನಿಜ, ಆದರೆ ಡಾಕ್ಟರ ಕೋಣೆಯಲ್ಲಿ ಅದು ಮುಖ್ಯ ವಿಷಯವನ್ನು ಮುಚ್ಚಿಹಾಕುತ್ತದೆ. ನೇರ ಮಾತು ಅವರ ತಂದೆಗೆ ಹಾಗೇ ಆಗಿರಬಹುದು.

ಬೇರೆ ಬೇರೆ ಭಾಷೆಯವರನ್ನು ಕೇಳಿದಾಗಲೂ ಹೆಚ್ಚು ಜನ ಒಪ್ಪಿದ್ದು ಬರೀ 'ತೂಕ' ಅನ್ನೋ ಮಾತನ್ನೇ. ನಾನೂ ಕೊನೆಗೆ ಅಲ್ಲಿಗೇ ಬಂದೆ. 'ನಿಮ್ಮ ತೂಕ', 'ತೂಕದಿಂದ ಆಗುವ ತೊಂದರೆ'. 'ಬೊಜ್ಜಿನ ರೋಗಿ' ಅಂತ ಬರೆಯೋದು ಬಿಟ್ಟು 'ಬೊಜ್ಜಿನ ತೊಂದರೆ ಇರುವವರು' ಅಂತ ಬರೆಯುತ್ತೇನೆ. ಒಂದು ಪದ ಜಾಸ್ತಿಯಾಗುತ್ತದೆ, ಆಗಲಿ.

ಇನ್ನೊಂದು ಗಮನಿಸಿದ್ದೀರಾ? ಅಲ್ಲಿಯವರೆಗೆ 'ನೀವು' ಅನ್ನುತ್ತಿದ್ದವರು ತೂಕದ ಮಾತು ಬಂದ ತಕ್ಷಣ 'ನೀನು'ಗೆ ಇಳಿಯುತ್ತಾರೆ. "ಬಾಯಿ ಕಟ್ಟಬೇಕು ನೀನು." ನನ್ನ ಅಕ್ಕನ ವಯಸ್ಸು 52. ಹೈಸ್ಕೂಲ್ ಹೆಡ್‌ಮಿಸ್. ಅವಳಿಗೂ ಹೀಗೆ ಆಗಿದೆ.

ಮಾತ್ರೆ ಡಬ್ಬಿ

ನನ್ನದು ಬೇರೆ ಕಥೆ. ಮನಸ್ಸಿನ ಕಾಯಿಲೆಗೆ ಓಲಾಂಜಪಿನ್ ಶುರು ಮಾಡಿದರು. ಎಂಟು ತಿಂಗಳಲ್ಲಿ 14 ಕೆಜಿ ಏರಿತು. ಹಸಿವು ಹೇಗಿರುತ್ತಿತ್ತು ಅಂದರೆ, ಊಟ ಮುಗಿಸಿ ಕೈ ತೊಳೆಯುವಾಗಲೇ ಮತ್ತೆ ಹಸಿವು. ಬೇರೊಬ್ಬ ಡಾಕ್ಟರು "ಏನು, ತಿನ್ನೋದು ಜೋರಾ?" ಅಂತ ನಕ್ಕರು. ನನ್ನ ಮಾತ್ರೆ ಚೀಟಿ ಅವರ ಮುಂದೆಯೇ ಇತ್ತು, ತೆರೆದು ನೋಡಲಿಲ್ಲ. ನಾಚಿಕೆಗೆ ಮಾತ್ರೆ ನಿಲ್ಲಿಸಿಬಿಟ್ಟೆ. ಆರು ವಾರದಲ್ಲಿ ಆಸ್ಪತ್ರೆಗೆ ಸೇರಬೇಕಾಯಿತು.

ದಯವಿಟ್ಟು ಯಾರೂ ನನ್ನ ಹಾಗೆ ಮಾಡಬೇಡಿ. ನನ್ನ ಈಗಿನ ಡಾಕ್ಟರು ಮೊದಲ ದಿನವೇ ಹೇಳಿದರು: "ಇದು ನಿಮ್ಮ ತಪ್ಪಲ್ಲ, ಈ ಔಷಧಿ ಹಸಿವನ್ನೇ ಬದಲಾಯಿಸುತ್ತದೆ. ಬೇರೆ ಔಷಧಿಗೆ ನಿಧಾನವಾಗಿ ಹೋಗಬಹುದಾ ನೋಡೋಣ." ಸ್ಟೀರಾಯ್ಡ್, ಇನ್ಸುಲಿನ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಇವೆಲ್ಲವೂ ತೂಕ ಏರಿಸಬಹುದು ಅಂತ ಅವರೇ ವಿವರಿಸಿದರು. ಏನು ತಿನ್ನುತ್ತೀರಿ ಅಂತ ಕೇಳುವ ಮುಂಚೆ ಏನು ಔಷಧಿ ತಗೋತೀರಿ ಅಂತ ಕೇಳಲಿ.

ಲೆಕ್ಕದ ಮೇಷ್ಟ್ರು

ಬಿಎಂಐ ಬಗ್ಗೆ ಎರಡು ಮಾತು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ 1830ರ ದಶಕದ್ದು, ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ಅವರದು. ಅವರು ಡಾಕ್ಟರಲ್ಲ, ಖಗೋಳ ಮತ್ತು ಅಂಕಿಅಂಶದ ವಿದ್ವಾಂಸ. ಜನಸಮೂಹದ ಸರಾಸರಿ ಹುಡುಕುತ್ತಿದ್ದರು. 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಇದಕ್ಕೆ ಈಗಿನ ಹೆಸರು ಕೊಟ್ಟರು. 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. ಏಷ್ಯಾ ಮೂಲದವರಲ್ಲಿ ಅದಕ್ಕಿಂತ ಮುಂಚೆಯೇ ಶುಗರ್ ಮತ್ತು ಹೃದಯದ ಅಪಾಯ ಶುರುವಾಗುತ್ತದೆ ಅಂತ 2004ರಲ್ಲಿ ಅದೇ ಸಂಸ್ಥೆಯ ತಜ್ಞರು 23 ಮತ್ತು 27.5 ಅನ್ನೋ ಗೆರೆಗಳನ್ನೂ ಸೂಚಿಸಿದರು.

ಅಂದರೆ ಒಂದೇ ಮೈ, ಗೆರೆ ಎಳೆದ ಜಾಗದ ಮೇಲೆ ಹೆಸರು ಬೇರೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವೂ ಬಿಎಂಐ ಒಂದರಿಂದಲೇ ಯಾರಿಗೂ ಕಾಯಿಲೆ ಅಂತ ಹೇಳಬೇಡಿ ಅಂದಿತು. ಸೊಂಟದ ಸುತ್ತಳತೆ ನೋಡಿ, ಅಂಗಾಂಗಗಳಿಗೆ ತೊಂದರೆ ಆಗಿದೆಯಾ ನೋಡಿ, ದಿನದ ಕೆಲಸ ಮಾಡೋಕೆ ಕಷ್ಟ ಆಗುತ್ತಿದೆಯಾ ಕೇಳಿ ಅಂತ ಅವರ ಸಲಹೆ. ಕೇಳಿ ಅನ್ನೋದೇ ನನಗೆ ಹಿಡಿಸಿತು. ಅಂಕಿಗೆ ಬಾಯಿ ಇಲ್ಲ, ಮನುಷ್ಯರಿಗೆ ಇದೆಯಲ್ಲ.

ಒಂಬತ್ತರ ಅಮ್ಮ

ಮಕ್ಕಳ ವಿಷಯ ಸೇರಿಸುತ್ತೇನೆ. ನನ್ನ ಮಗಳಿಗೆ ಒಂಬತ್ತು. ಕೆಮ್ಮಿಗೆ ಕರೆದುಕೊಂಡು ಹೋಗಿದ್ದೆ. ಅವಳ ಎದುರಿಗೇ ನನಗೆ "ಹೀಗೇ ಬೆಳೆದರೆ ಮುಂದೆ ಕಷ್ಟ, ತಿನ್ನೋದು ಕಡಿಮೆ ಮಾಡಿಸಿ" ಅಂದರು. ಅವತ್ತು ರಾತ್ರಿ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದಳು. ಯಾಕೆ ಅಂದರೆ ಹೊಟ್ಟೆ ತುಂಬಿದೆ ಅಂದಳು. ಮೂರು ದಿನ ಹೀಗೇ. ನಾಲ್ಕನೇ ದಿನ ಸ್ನಾನದ ಮನೆಯಲ್ಲಿ ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಹಿಡಿದುಕೊಂಡು ಅಳುತ್ತಿದ್ದಳು.

ಬೇರೆ ಮಕ್ಕಳ ಡಾಕ್ಟರು ಸಿಕ್ಕರು. ತೂಕದ ಮಾತು ನನ್ನ ಜೊತೆ ಬೇರೆಯಾಗಿ ಆಡಿದರು. ಅವಳ ಹತ್ತಿರ ಕೇಳಿದ್ದು "ನಿಂಗೆ ಓಡೋದು ಇಷ್ಟನಾ, ಕುಣಿಯೋದು ಇಷ್ಟನಾ?" ಅಂತ ಮಾತ್ರ. ಅವಳೊಬ್ಬಳಿಗೆ ಬೇರೆ ಊಟ ಮಾಡಬೇಡಿ, ಬದಲಾಯಿಸೋದಾದರೆ ಮನೆಯವರೆಲ್ಲಾ ಬದಲಾಯಿಸಿ ಅಂದರು. ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೂಕ ಇಳಿಸಬೇಕಿಲ್ಲವಂತೆ, ಅಷ್ಟಕ್ಕೇ ನಿಂತರೆ ಎತ್ತರ ಬಂದು ಸರಿಹೋಗುತ್ತದಂತೆ. ಈಗ ಊಟ ಸರಿ ಮಾಡುತ್ತಾಳೆ. ಆದರೆ ಕನ್ನಡಿ ಮುಂದೆ ಇನ್ನೂ ಹೊಟ್ಟೆ ಒಳಗೆ ಎಳೆದುಕೊಂಡೇ ನಿಲ್ಲುತ್ತಾಳೆ.

ನೇರ ಮಾತು

ಎಲ್ಲರದ್ದೂ ಓದಿದೆ. ಮಗುವಿನ ವಿಷಯ ಓದಿ ಮನಸ್ಸು ಭಾರ ಆಯಿತು. 'ಒರಟಾಗಿಯಾದರೂ' ಅಂತ ಬರೆದಿದ್ದೆ, ಆ ಪದ ವಾಪಸ್ ತಗೋತೀನಿ. ಹೇಳಲೇಬೇಕು ಅನ್ನೋದನ್ನು ಮಾತ್ರ ಬಿಡಲ್ಲ.

ಡಾಕ್ಟ್ರಿಗೆ ಒಂದು ಪ್ರಶ್ನೆ. ಒಪ್ಪಿಗೆ ಕೇಳಿದ್ರಿ, ಅವರೂ ಹೂಂ ಅಂದರು. ಆಮೇಲೆ ಏನು ಹೇಳುತ್ತೀರಿ? ಕೊನೆಗೆ ಎಲ್ಲರೂ ಹೇಳೋದು ಕಡಿಮೆ ತಿನ್ನಿ, ಜಾಸ್ತಿ ನಡೀರಿ ಅಂತಾನೇ ಅಲ್ವಾ?

ಓಪಿಡಿ ಡಾಕ್ಟರ್

ಒಳ್ಳೆ ಪ್ರಶ್ನೆ. ಒಪ್ಪಿಗೆ ಸಿಕ್ಕ ಮೇಲೆ ನಾನು ಹೇಳುವುದಕ್ಕಿಂತ ಕೇಳುವುದು ಜಾಸ್ತಿ. "ಇದುವರೆಗೆ ಏನೇನು ಮಾಡಿ ನೋಡಿದ್ದೀರಿ?" ಈ ಒಂದು ಪ್ರಶ್ನೆಗೆ ಜನ ಅತ್ತಿದ್ದಾರೆ. ಅದುವರೆಗೂ ಯಾರೂ ಕೇಳಿರಲಿಲ್ಲ.

ಕುಡಿತ ಬಿಡಿಸುವ ಚಿಕಿತ್ಸೆಯಿಂದ ಬಂದ ಒಂದು ವಿಧಾನ ಇದೆ. ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 1983ರಲ್ಲಿ ಬರೆದರು, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದರು. ನಾವು ಒತ್ತಿದಷ್ಟೂ ಎದುರಿಗಿದ್ದವರು "ಆದರೆ..." ಅನ್ನುತ್ತಾ ಹಿಂದೆ ಸರಿಯುತ್ತಾರೆ, ಬದಲಾಗಲು ಕಾರಣ ಅವರ ಬಾಯಿಂದಲೇ ಬರಬೇಕು ಅನ್ನೋದು ಅದರ ತಿರುಳು. ಅದರಲ್ಲಿ ನನಗೆ ದಿನಾ ಉಪಯೋಗಕ್ಕೆ ಬರುವುದು ಇದು. "ಸೊನ್ನೆಯಿಂದ ಹತ್ತರಲ್ಲಿ, ಈಗ ಇದು ನಿಮಗೆ ಎಷ್ಟು ಮುಖ್ಯ?" "ಐದು" ಅಂತಾರೆ. ನಾನು "ಯಾಕೆ ಹತ್ತಲ್ಲ?" ಅಂತ ಕೇಳಲ್ಲ. ಹಾಗೆ ಕೇಳಿದರೆ ನೆಪಗಳು ಬರುತ್ತವೆ. "ಯಾಕೆ ಎರಡು ಅನ್ನಲಿಲ್ಲ?" ಅಂತ ಕೇಳುತ್ತೇನೆ. ಆಗ ಒಳಗಿನದು ಹೊರಗೆ ಬರುತ್ತದೆ. ಒಬ್ಬ ಅಜ್ಜಿ ಹೇಳಿದರು, "ಮೊಮ್ಮಗೂನ ನೆಲದ ಮೇಲೆ ಕೂತು ಆಡಿಸಬೇಕು, ಕೂತರೆ ಏಳೋಕಾಗಲ್ಲ ಕಣಪ್ಪಾ." ಅವತ್ತಿನಿಂದ ನಮ್ಮಿಬ್ಬರ ಗುರಿ ಕೆಜಿ ಅಲ್ಲ, ನೆಲದಿಂದ ಏಳೋದು.

ಸಂಕಲ್ಪ ಸಾಲದು ಅಂತ ಬೈಯುವವರಿಗೆ ಗೊತ್ತಿರಬೇಕಾದ್ದು ಇನ್ನೊಂದಿದೆ. ತೂಕ ಇಳಿದಾಗ ಲೆಪ್ಟಿನ್ ಅನ್ನುವ, ಹೊಟ್ಟೆ ತುಂಬಿತು ಅಂತ ಮಿದುಳಿಗೆ ತಿಳಿಸುವ ಹಾರ್ಮೋನು ಕಡಿಮೆಯಾಗುತ್ತದೆ. ಹಸಿವಿನ ಗ್ರೆಲಿನ್ ಹೆಚ್ಚುತ್ತದೆ. ಒಂದು ವರ್ಷ ಆದ ಮೇಲೂ ಇದು ಮೊದಲಿನ ಹಾಗೆ ಆಗಿರಲಿಲ್ಲ ಅಂತ 2011ರ ಒಂದು ಅಧ್ಯಯನ ತೋರಿಸಿತು. ನಿಧಾನ ನಡಿಗೆ ಅವರೇ, ನಿಮ್ಮ ಹನ್ನೆರಡು ಕೆಜಿ ಎರಡು ಸಲ ವಾಪಸ್ ಬಂದಿದ್ದು ನಿಮ್ಮ ಸೋಮಾರಿತನಕ್ಕಲ್ಲ. ಮೈ ತನ್ನ ಹಳೇ ತೂಕಕ್ಕೆ ಎಳೆಯುತ್ತದೆ.

ಗುರಿ ದೊಡ್ಡದು ಇರಬೇಕಾಗಿಯೂ ಇಲ್ಲ. 2002ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಶುಗರ್ ಅಂಚಿನಲ್ಲಿದ್ದ 3,234 ಜನರಿದ್ದರು. ಒಂದು ಗುಂಪಿಗೆ ಕೊಟ್ಟ ಗುರಿ 7% ತೂಕ ಇಳಿಸೋದು, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಸಾಮಾನ್ಯ ಸಲಹೆ ಮತ್ತು ಔಷಧಿಯಿಲ್ಲದ ಹುಸಿ ಮಾತ್ರೆ ಸಿಕ್ಕವರಿಗೆ ಹೋಲಿಸಿದರೆ ಅವರಲ್ಲಿ ಡಯಾಬಿಟಿಸ್ ಬರುವುದು 58% ಕಡಿಮೆಯಾಯಿತು. 100 ಕೆಜಿ ಇರುವವರಿಗೆ 7% ಅಂದರೆ ಏಳು ಕೆಜಿ. "ಮೂವತ್ತು ಕೆಜಿ ಇಳಿಸಿ ಬನ್ನಿ" ಅಂದಾಗ ಆಗುವ ಎದೆಗುಂದಿಕೆ ಇದರಲ್ಲಿ ಆಗಲ್ಲ. ಈಗ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್‌ಗಳಿವೆ, ಶಸ್ತ್ರಚಿಕಿತ್ಸೆಯೂ ಇದೆ. ಇಂಜೆಕ್ಷನ್ ನಿಲ್ಲಿಸಿದರೆ ಇಳಿದ ತೂಕದಲ್ಲಿ ಬಹಳಷ್ಟು ವಾಪಸ್ ಬರುತ್ತದೆ ಅನ್ನೋದನ್ನೂ ಹೇಳಿಯೇ ಬರೆಯಬೇಕು. ಯಾರಿಗೆ ಯಾವುದು ಅನ್ನೋದು ಎದುರಿಗೆ ಕೂತು ಮಾತಾಡಿ ತೀರ್ಮಾನಿಸುವ ವಿಷಯ, ಇಲ್ಲಿ ಬರೆಯಲ್ಲ.

ಬಾಗಿಲ ಪಕ್ಕ

"ಯಾಕೆ ಎರಡು ಅನ್ನಲಿಲ್ಲ" ಅನ್ನೋದನ್ನು ನನ್ನನ್ನೇ ಕೇಳಿಕೊಂಡೆ. ಉತ್ತರ ಬಂತು. ಇಲ್ಲಿ ಬರೆಯಲ್ಲ, ನನ್ನ ಹತ್ತಿರ ಇರಲಿ.

ನಿಧಾನ ನಡಿಗೆ

ಮೂರು ವಾರ ಆಯಿತು, ಬರೆಯೋಕೆ ಆಗಿರಲಿಲ್ಲ.

ರಕ್ತಪರೀಕ್ಷೆ ಮಾಡಿಸಿದೆ. ಬೇರೆ ಡಾಕ್ಟರ ಹತ್ತಿರ ಹೋದೆ. ಹೋಗುವ ಮುಂಚೆ ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡೆ. ಬಾಯಲ್ಲಿ ಹೇಳೋಕೆ ಹೋದರೆ ಅಳು ಬರುತ್ತದೆ ಅಂತ ಗೊತ್ತಿತ್ತು. "ನನ್ನ ತೂಕದ ಬಗ್ಗೆ ನನಗೆ ಗೊತ್ತಿದೆ. ಹದಿನೈದು ವರ್ಷದಿಂದ ಪ್ರಯತ್ನ ಮಾಡುತ್ತಿದ್ದೇನೆ, ಎರಡು ಸಲ ಹನ್ನೆರಡು ಕೆಜಿ ಇಳಿಸಿ ವಾಪಸ್ ಬಂದಿದೆ. ಬೈಯದೆ ಮಾತಾಡಿದರೆ ಮತ್ತೆ ಬರುತ್ತೇನೆ." ಅದನ್ನು ರಿಪೋರ್ಟ್ ಮೇಲೆ ಇಟ್ಟು ಕೊಟ್ಟೆ.

ಅವರು ಓದಿದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು ಕೂತರು. "ಎರಡು ಸಲ ಹನ್ನೆರಡು ಕೆಜಿನಾ? ಅದು ಸುಲಭ ಅಲ್ಲಮ್ಮಾ. ಹೇಗೆ ಮಾಡಿದ್ರಿ ಹೇಳಿ" ಅಂದರು.

ಸಿಸ್ಟರ್ ಅವರೇ, ದೊಡ್ಡ ಪಟ್ಟಿ ಕೇಳಿದೆ. ಕೊಟ್ಟರು. ಬಿಪಿ 128 ಬಂತು. ಶುಗರ್ ಅಂಚಿನಲ್ಲಿದೆ, ಅದಕ್ಕೆ ಏನು ಮಾಡೋದು ಅಂತ ಇಬ್ಬರೂ ಕೂತು ಬರೆದೆವು. ಮುಂದಿನ ತಿಂಗಳು ಹನ್ನೆರಡಕ್ಕೆ ಮತ್ತೆ ಬನ್ನಿ ಅಂದಿದ್ದಾರೆ. ಹೋಗುತ್ತೇನೆ.

ನೇರ ಮಾತು ಅವರೇ, ಅವರು ಕೇಳದೇ ಇದ್ದರೂ ನಾನೇ ಗೊರಕೆಯ ವಿಷಯ ಹೇಳಿದೆ. ನಿಮ್ಮ ಅಪ್ಪ ನೆನಪಾದರು. ನಿದ್ದೆಯ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ.